ಹಳೇ ಕಾರ್ ಲೋನಿನ ಕಾಗದ ಬಿಸಾಡಬೇಡಿ: ಬ್ರಿಟನ್‌ಗೆ ಬಂದ ಕನ್ನಡಿಗರಿಗೆ

ಬ್ರಿಟನ್‌ಗೆ ಬಂದ ಮೇಲೆ ಲೋನ್ ಮಾಡಿ ಕಾರು ಕೊಂಡಿದ್ದೀರಾ? ಅದೂ 2024ರ ನವೆಂಬರ್‌ಗೆ ಮೊದಲು? ಹಾಗಾದರೆ ಐದು ನಿಮಿಷ ಇದನ್ನು ಓದಿ. ಆ ಸಾಲ ತೀರಿರಬಹುದು, ಕಾರನ್ನೂ ಮಾರಿರಬಹುದು. ಪರವಾಗಿಲ್ಲ. ಶೋರೂಮಿನವರು ನಿಮಗೆ ಹೇಳದೆ ಸಾಲದ ಕಂಪನಿಯಿಂದ ಕಮಿಷನ್ ತೆಗೆದುಕೊಂಡಿದ್ದರೆ ನಿಮಗೆ ಪರಿಹಾರ ಬರಬಹುದು. ಅದನ್ನು ಕೇಳುವುದಕ್ಕೆ ಒಂದು ಪೆನ್ನಿಯೂ ಖರ್ಚಿಲ್ಲ. ಇದಕ್ಕಾಗಿ ಯಾರಿಗೂ ಫೀಸ್ ಕೊಡಬೇಡಿ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಾನು ರೆಡಿಂಗ್‌ಗೆ ಬಂದದ್ದು 2014ರಲ್ಲಿ. ಮೊದಲೆರಡು ವರ್ಷ ಬಸ್ಸು, ರೈಲಿನಲ್ಲೇ ಕಳೆಯಿತು. ಮಗಳು ಹುಟ್ಟಿದ ಮೇಲೆ ಕಾರು ಬೇಕೇ ಬೇಕಾಯಿತು. ಶೋರೂಮಿನ ಹುಡುಗ ಒಳ್ಳೆಯ ಮಾತುಗಾರ. ಕೂರಿಸಿ ಟೀ ಕೊಟ್ಟ. ಒಂದು ಬಿಳಿ ಹಾಳೆಯ ಮೇಲೆ ಮೂರೇ ಅಂಕಿ ಬರೆದ. ಡೆಪಾಸಿಟ್ ಎಷ್ಟು, ತಿಂಗಳಿಗೆ ಎಷ್ಟು, ಎಷ್ಟು ತಿಂಗಳು. ತಿಂಗಳ ಕಂತಿನ ಸುತ್ತ ಪೆನ್ನಿನಲ್ಲಿ ಎರಡು ಸಲ ಗೆರೆ ಎಳೆದ. ನಾನು ಆ ಗೆರೆಯೊಳಗಿನ ಅಂಕಿ ಮಾತ್ರ ನೋಡಿದೆ. ಬಡ್ಡಿ ಎಷ್ಟು ಅಂತ ನನ್ನ ಹೆಂಡತಿ ಕೇಳಿದಳು. "ನೀವು ಈ ದೇಶಕ್ಕೆ ಹೊಸಬರು, ಕ್ರೆಡಿಟ್ ಹಿಸ್ಟರಿ ಕಡಿಮೆ, ನಿಮಗೆ ಸಿಗೋದರಲ್ಲಿ ಇದೇ ಒಳ್ಳೇ ರೇಟು" ಅಂದ. ಬಡ್ಡಿ ನಿಗದಿ ಮಾಡುವುದು ಬ್ಯಾಂಕು, ಈ ಹುಡುಗ ಫಾರ್ಮ್ ತುಂಬಿಸುವವನು ಅಂತ ನಾವು ತಿಳಿದಿದ್ದೆವು. ಸೈನ್ ಹಾಕಿದೆವು.

ಆಗ ಅನೇಕ ಕಡೆ ನಡೆಯುತ್ತಿದ್ದದ್ದೇ ಬೇರೆ. ಸಾಲದ ಕಂಪನಿ ಒಂದು ಕನಿಷ್ಠ ದರ ಹೇಳುತ್ತಿತ್ತು. ಅದರ ಮೇಲೆ ಎಷ್ಟು ಏರಿಸಬೇಕು ಅನ್ನುವುದು ಶೋರೂಮಿನವರ ಕೈಯಲ್ಲಿ. ಬಡ್ಡಿ ಜಾಸ್ತಿ ಮಾಡಿದಷ್ಟೂ ಅವರ ಕಮಿಷನ್ ಜಾಸ್ತಿ. ಇದಕ್ಕೆ ಡಿಸ್ಕ್ರೀಷನರಿ ಕಮಿಷನ್ ಅನ್ನುತ್ತಾರೆ. ಈ ದೇಶದಲ್ಲಿ ಸಾಲ, ವಿಮೆ ವ್ಯವಹಾರಗಳ ಮೇಲೆ ಕಣ್ಣಿಡುವ ಸಂಸ್ಥೆ ಎಫ್‌ಸಿಎ. ಅದು 2019ರಲ್ಲೇ ಲೆಕ್ಕ ಹಾಕಿ ಹೇಳಿತ್ತು: 10,000 ಪೌಂಡ್ ಸಾಲವನ್ನು ನಾಲ್ಕು ವರ್ಷದಲ್ಲಿ ತೀರಿಸುವವರು ಇಂಥ ಕಮಿಷನ್‌ನಿಂದಾಗಿ ಸುಮಾರು 1,100 ಪೌಂಡ್ ಬಡ್ಡಿ ಜಾಸ್ತಿ ಕಟ್ಟಬೇಕಾಗಬಹುದು. 2021ರ ಜನವರಿ 28ರಿಂದ ಈ ಪದ್ಧತಿಗೆ ನಿಷೇಧ ಬಂತು. ಆದರೆ ಅದಕ್ಕೆ ಮೊದಲು ಕಟ್ಟಿದವರ ದುಡ್ಡು?

ಅದು ಕೋರ್ಟಿಗೆ ಹೋಯಿತು. ಮೂವರು ಗ್ರಾಹಕರ ಕೇಸುಗಳು. 2024ರ ಅಕ್ಟೋಬರ್‌ನಲ್ಲಿ ಮೇಲ್ಮನವಿ ಕೋರ್ಟು ಮೂವರ ಪರವೂ ತೀರ್ಪು ಕೊಟ್ಟಿತು. 2025ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಅದರ ಬಹುಪಾಲನ್ನು ತಳ್ಳಿಹಾಕಿತು. ಕಾರು ಮಾರುವವರು ತಮ್ಮ ಲಾಭ ನೋಡಿಕೊಳ್ಳುವುದು ಸಹಜ, ಗ್ರಾಹಕರ ಹಿತವನ್ನೇ ಮುಂದಿಡಬೇಕೆಂಬ ಹೊಣೆ ಅವರಿಗಿಲ್ಲ ಅಂದಿತು. ಆದರೆ ಒಬ್ಬರನ್ನು ಗೆಲ್ಲಿಸಿತು. ಅವರು 2017ರಲ್ಲಿ ಒಂದು ಹಳೇ ಸುಜುಕಿ ಸ್ವಿಫ್ಟ್ ಕೊಂಡಿದ್ದವರು. ಅವರ ಸಾಲದಿಂದ ಡೀಲರ್‌ಗೆ ಹೋದ ಕಮಿಷನ್ 1,650.95 ಪೌಂಡ್. ಸಾಲದ ಮೊತ್ತದ ಕಾಲು ಭಾಗ, ಸಾಲಕ್ಕಾಗಿ ಅವರು ಕಟ್ಟುವ ಬಡ್ಡಿ, ಶುಲ್ಕದಲ್ಲಿ ನೂರಕ್ಕೆ 55 ಭಾಗ! ಅದು ಅವರಿಗೆ ಗೊತ್ತೇ ಇರಲಿಲ್ಲ. 1974ರ ಗ್ರಾಹಕ ಸಾಲ ಕಾಯ್ದೆಯ ಪ್ರಕಾರ ಸಾಲದ ಕಂಪನಿಗೂ ಅವರಿಗೂ ಇದ್ದ ಸಂಬಂಧವೇ ಅನ್ಯಾಯದ್ದು ಅಂತ ಕೋರ್ಟು ಹೇಳಿತು. ನಮ್ಮಂಥವರಿಗೆ ಬಾಗಿಲು ತೆರೆದದ್ದು ಈ ಒಂದು ಗೆಲುವೇ.

ಅದಾದ ಮೇಲೆ ಎಫ್‌ಸಿಎ 2025ರ ಅಕ್ಟೋಬರ್‌ನಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಪರಿಹಾರ ಯೋಜನೆಯ ಕರಡು ಹೊರಡಿಸಿತು. 2007ರ ಏಪ್ರಿಲ್ 6ರಿಂದ 2024ರ ನವೆಂಬರ್ 1ರವರೆಗಿನ ಒಪ್ಪಂದಗಳು ಅದರ ವ್ಯಾಪ್ತಿಗೆ ಬರುತ್ತವೆ. ಮೂರು ಥರದ ಅನ್ಯಾಯವನ್ನು ಅದು ಗುರುತಿಸಿತು. ನಾನು ಮೇಲೆ ಹೇಳಿದ ಬಡ್ಡಿ ಏರಿಸುವ ಕಮಿಷನ್ ಒಂದು. ವಿಪರೀತ ದೊಡ್ಡ ಕಮಿಷನ್ ಇನ್ನೊಂದು. ಒಂದೇ ಸಾಲದ ಕಂಪನಿಯ ಜೊತೆ ಡೀಲರ್ ಒಳಒಪ್ಪಂದ ಮಾಡಿಕೊಂಡು, ನಿಮಗಾಗಿ ನಾಲ್ಕು ಕಡೆ ವಿಚಾರಿಸಿದ ಹಾಗೆ ತೋರಿಸಿಕೊಂಡದ್ದು ಮೂರನೆಯದು. ಕರಡಿನ ಅಂದಾಜಿನಲ್ಲಿ ಒಂದು ಒಪ್ಪಂದಕ್ಕೆ ಸರಾಸರಿ ಪರಿಹಾರ ಸುಮಾರು 700 ಪೌಂಡ್. ಸಾವಿರಾರು ಪೌಂಡ್ ಬರುತ್ತೆ ಅಂತ ಕನಸು ಕಾಣಬೇಡಿ. ಆದರೆ 700 ಪೌಂಡ್ ಅಂದರೆ ಊರಿಗೆ ಹೋಗಿಬರುವ ಒಂದು ಟಿಕೆಟ್ ಅಲ್ವಾ? ಗಂಡ ಹೆಂಡತಿ ಬೇರೆ ಬೇರೆ ಕಾರಿಗೆ ಸಾಲ ಮಾಡಿದ್ದರೆ ಎರಡನ್ನೂ ಬೇರೆ ಬೇರೆಯಾಗಿ ನೋಡುತ್ತಾರೆ.

ಎಲ್ಲ ಕಾರಿಗೂ ಇದು ಅನ್ವಯಿಸುವುದಿಲ್ಲ. ಪಿಸಿಪಿ ಅಥವಾ ಹೈರ್ ಪರ್ಚೇಸ್ ಆಗಿರಬೇಕು. ಹೈರ್ ಪರ್ಚೇಸ್ ಅಂದರೆ ಕಂತುಗಳೆಲ್ಲ ತೀರಿದ ಮೇಲೆ ಕಾರು ನಿಮ್ಮದಾಗುವುದು. ಪಿಸಿಪಿ ಅಂದರೆ ತಿಂಗಳ ಕಂತು ಕಟ್ಟಿ, ಕೊನೆಯಲ್ಲಿ ಒಂದು ದೊಡ್ಡ ಮೊತ್ತ ಕೊಟ್ಟು ಕಾರು ಉಳಿಸಿಕೊಳ್ಳುವುದು, ಇಲ್ಲವೇ ವಾಪಸ್ ಕೊಡುವುದು. ಬ್ಯಾಂಕಿನಿಂದ ನೀವೇ ಪರ್ಸನಲ್ ಲೋನ್ ತಂದು ಕಾರು ಕೊಂಡಿದ್ದರೆ ಇಲ್ಲಿ ಕೇಳುವಂಥದ್ದೇನೂ ಇಲ್ಲ. ನಮ್ಮ ಐಟಿಯವರಲ್ಲಿ ಬಹಳ ಜನ ಆಫೀಸಿನ ಸ್ಯಾಲರಿ ಸ್ಯಾಕ್ರಿಫೈಸ್‌ನಲ್ಲಿ, ಅಂದರೆ ಸಂಬಳದಿಂದಲೇ ದುಡ್ಡು ಕಡಿತವಾಗುವ ವ್ಯವಸ್ಥೆಯಲ್ಲಿ, ಎಲೆಕ್ಟ್ರಿಕ್ ಕಾರು ತೆಗೆದುಕೊಂಡಿದ್ದಾರೆ. ಅದು ಬಾಡಿಗೆಯ ಲೆಕ್ಕ, ಅದಕ್ಕೂ ಬರುವುದಿಲ್ಲ.

ಇನ್ನು ನಿಜವಾದ ಕೆಲಸ: ನಿಮಗೆ ಸಾಲ ಕೊಟ್ಟವರು ಯಾರು ಅಂತ ಹುಡುಕುವುದು. ನಮ್ಮವರು ಎಡವುವುದು ಇಲ್ಲೇ. ಊರಿನಲ್ಲಿ ಆರ್‌ಸಿ ಬುಕ್ಕಿನಲ್ಲೇ ಹೈಪಾಥಿಕೇಷನ್ ಅಂತ ಬ್ಯಾಂಕಿನ ಹೆಸರು ಇರುತ್ತದೆ. ಸಾಲ ತೀರಿದ ಮೇಲೆ ಆರ್‌ಟಿಒಗೆ ಅಲೆದು ಅದನ್ನು ತೆಗೆಸಬೇಕು, ಹಾಗಾಗಿ ಆ ಹೆಸರು ಮರೆಯುವುದೇ ಇಲ್ಲ. ಇಲ್ಲಿನ ವಿ5ಸಿ ಲಾಗ್‌ಬುಕ್ಕಿನಲ್ಲಿ ಸಾಲದ ಕಂಪನಿಯ ಹೆಸರು ಇರುವುದಿಲ್ಲ. ಎಷ್ಟೋ ಜನಕ್ಕೆ ಶೋರೂಮಿನ ಹೆಸರು ಗೊತ್ತು, ಸಾಲ ಕೊಟ್ಟವರ ಹೆಸರು ಗೊತ್ತಿಲ್ಲ. ದೂರು ಕೊಡಬೇಕಾದದ್ದು ಸಾಲ ಕೊಟ್ಟವರಿಗೆ.

ಮೊದಲು ಬ್ಯಾಂಕ್ ಆ್ಯಪ್ ತೆರೆದು ಹಳೇ ಡೈರೆಕ್ಟ್ ಡೆಬಿಟ್‌ಗಳನ್ನು ನೋಡಿ. ಕಂತು ಯಾರಿಗೆ ಹೋಗಿದೆಯೋ ಅವರೇ. ಇಮೇಲ್‌ನಲ್ಲಿ "ಫೈನಾನ್ಸ್ ಅಗ್ರಿಮೆಂಟ್" ಅಂತ ಹುಡುಕಿ. ಸಾಲ ಮುಗಿದು ಆರು ವರ್ಷ ಆಗಿಲ್ಲದಿದ್ದರೆ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್ ಈ ಮೂರರ ಕ್ರೆಡಿಟ್ ರಿಪೋರ್ಟ್‌ನಲ್ಲಿ ಸಿಗುವ ಸಾಧ್ಯತೆ ಇದೆ. ರಿಪೋರ್ಟ್ ಪುಕ್ಕಟೆ ಸಿಗುತ್ತದೆ. ಯಾವುದೂ ಆಗದಿದ್ದರೆ ಶೋರೂಮಿಗೇ ಬರೆದು ಕೇಳಿ.

ನನ್ನ ಕಾಗದ ಸಿಕ್ಕಿದ್ದು ಅಟ್ಟದ ಮೇಲಿನ ಸೂಟ್‌ಕೇಸಿನಲ್ಲಿ, ಹಳೇ ವೀಸಾ ಪತ್ರಗಳ ನಡುವೆ. ಕೂತು ಪೂರ್ತಿ ಓದಿದೆ. ಡೀಲರ್‌ಗೆ ಕಮಿಷನ್ ಕೊಡಬಹುದು ಅಂತ ಒಂದೇ ಒಂದು ಸಾಲು, ಇರುವೆ ಗಾತ್ರದ ಅಕ್ಷರದಲ್ಲಿ. ಎಷ್ಟು ಅಂತ ಇಲ್ಲ. ಅದರಿಂದ ನನ್ನ ಬಡ್ಡಿ ಏರುತ್ತದೆ ಅಂತಲೂ ಇಲ್ಲ. ನಿಮ್ಮ ಕಾಗದದಲ್ಲೂ ಇಂಥ ಸಾಲು ಇದ್ದರೆ, ಮೊದಲೇ ಹೇಳಿಬಿಟ್ಟಿದ್ದಾರಲ್ಲ ಅಂದುಕೊಂಡು ಸುಮ್ಮನಾಗಬೇಡಿ. "ಕೊಡಬಹುದು" ಅಂದರೆ ಹೇಳಿದ ಹಾಗಾಗುವುದಿಲ್ಲ.

ದೂರು ಬರೆಯುವುದಕ್ಕೆ ವಕೀಲರ ಭಾಷೆ ಬೇಡ. ಹೆಸರು, ಹುಟ್ಟಿದ ದಿನಾಂಕ, ಆಗಿನ ವಿಳಾಸ, ಈಗಿನ ವಿಳಾಸ, ಕಾರಿನ ನಂಬರ್, ಗೊತ್ತಿದ್ದರೆ ಒಪ್ಪಂದದ ನಂಬರ್. ಆಮೇಲೆ ಮೂರು ಪ್ರಶ್ನೆ. ನನ್ನ ಸಾಲಕ್ಕೆ ಕಮಿಷನ್ ಕೊಟ್ಟಿದ್ದೀರಾ, ಎಷ್ಟು? ಬಡ್ಡಿ ದರ ಏರಿಸುವ ಅಧಿಕಾರ ಡೀಲರ್‌ಗೆ ಇತ್ತಾ? ಡೀಲರ್ ಜೊತೆ ನಿಮಗೆ ಬೇರೆ ಒಪ್ಪಂದ ಇತ್ತಾ? ಕೊನೆಗೆ, ಇದನ್ನು ನನಗೆ ಸರಿಯಾಗಿ ತಿಳಿಸಿಲ್ಲ, ಇದನ್ನು ದೂರು ಅಂತ ಪರಿಗಣಿಸಿ ಅಂತ ಸ್ಪಷ್ಟವಾಗಿ ಬರೆಯಿರಿ. "ದೂರು" ಅನ್ನುವ ಮಾತು ಇದ್ದರೆ ಒಳ್ಳೆಯದು, ಸುಮ್ಮನೆ ವಿಚಾರಿಸಿದ್ದು ಅಂತ ಪಕ್ಕಕ್ಕಿಡಲು ಆಗುವುದಿಲ್ಲ. ಮಾದರಿ ಪತ್ರ ಬೇಕಿದ್ದರೆ ಮನಿ ಸೇವಿಂಗ್ ಎಕ್ಸ್‌ಪರ್ಟ್ ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ನಾನು ಕಳಿಸಿದ ಮೇಲೆ ಉತ್ತರ ಬಂತು: ಹೌದು, ನಿಮ್ಮ ಒಪ್ಪಂದದಲ್ಲಿ ಡಿಸ್ಕ್ರೀಷನರಿ ಕಮಿಷನ್ ಇತ್ತು. ಅದನ್ನು ಓದಿ ನನ್ನ ಹೆಂಡತಿ ಬಹಳ ಹೊತ್ತು ಮಾತಾಡಲಿಲ್ಲ. ಅವತ್ತು ಸರಿಯಾದ ಪ್ರಶ್ನೆ ಕೇಳಿದ್ದವಳು ಅವಳು.

ಕಂಪನಿಯವರು ಕೊಟ್ಟ ಉತ್ತರ ಸರಿ ಕಾಣದಿದ್ದರೆ, ಗ್ರಾಹಕರ ಮತ್ತು ಇಂಥ ಕಂಪನಿಗಳ ತಕರಾರು ಬಗೆಹರಿಸುವ ಫೈನಾನ್ಷಿಯಲ್ ಓಂಬುಡ್ಸ್‌ಮನ್‌ಗೆ ಹೋಗಬಹುದು. ಅದಕ್ಕೂ ಫೀಸ್ ಇಲ್ಲ. ಅದರ ಗಡುವು ಉತ್ತರ ಪತ್ರದಲ್ಲೇ ಬರೆದಿರುತ್ತದೆ. ಯೋಜನೆಯ ನಿಯಮ, ಗಡುವುಗಳನ್ನು ಎಫ್‌ಸಿಎ ಸೈಟಿನಲ್ಲೇ ನೋಡಿ, ವಾಟ್ಸಾಪ್ ಫಾರ್ವರ್ಡ್ ನಂಬಬೇಡಿ.

ಈಗ ಫೀಸಿನ ವಿಷಯ. ಫೇಸ್‌ಬುಕ್ ತೆರೆದರೆ ಸಾಕು, "ನಿಮ್ಮ ಪರವಾಗಿ ನಾವು ಕ್ಲೇಮ್ ಮಾಡುತ್ತೇವೆ, ಗೆಲ್ಲದಿದ್ದರೆ ಫೀಸ್ ಇಲ್ಲ" ಅನ್ನುವ ಜಾಹೀರಾತು. ಗೆದ್ದರೆ? ಇವರು ನೂರಕ್ಕೆ 30ರವರೆಗೆ ತೆಗೆದುಕೊಳ್ಳಬಹುದು, ಅದರ ಮೇಲೆ ವ್ಯಾಟ್. ಒಟ್ಟು 36. ನಿಮಗೆ 700 ಪೌಂಡ್ ಬಂದರೆ 252 ಪೌಂಡ್ ಅವರ ಪಾಲು, ನಿಮಗೆ ಉಳಿಯುವುದು 448. ಅವರು ಕಳಿಸುವುದೂ ನೀವೇ ಕಳಿಸಬಹುದಾದ ಅದೇ ಪತ್ರ. ಕಳೆದ ರಾಜ್ಯೋತ್ಸವದ ದಿನ ಊಟದ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಹುಡುಗ, ನರ್ಸ್ ಆಗಿ ಬಂದವನು, ತಾನು ಎರಡು ಕಡೆ ಸೈನ್ ಮಾಡಿದ್ದೇನೆ, ಎರಡು ಕಡೆಯಿಂದಲೂ ದುಡ್ಡು ಬರುತ್ತೆ ಅಂದ. ಹಾಗೆ ಬರುವುದಿಲ್ಲ ಕಣಪ್ಪಾ, ಫೀಸ್ ಮಾತ್ರ ಇಬ್ಬರೂ ಕೇಳಬಹುದು. ಸೈನ್ ಮಾಡಿ 14 ದಿನ ಆಗಿಲ್ಲದಿದ್ದರೆ ಪುಕ್ಕಟೆಯಾಗಿ ಬಿಡಿಸಿಕೊಳ್ಳಬಹುದು. ಆಮೇಲೆ ಬಿಡುವುದಾದರೆ ಖರ್ಚು ಕೇಳಬಹುದು, ಹಾಗಾಗಿ ಅವರ ಷರತ್ತುಗಳನ್ನು ಮೊದಲು ಓದಿ.

ಇನ್ನೊಂದು ಎಚ್ಚರ. "ನಿಮಗೆ ಕಾರ್ ಫೈನಾನ್ಸ್ ಪರಿಹಾರ ಮಂಜೂರಾಗಿದೆ, ಬ್ಯಾಂಕ್ ವಿವರ ಕೊಡಿ" ಅಂತ ಫೋನ್ ಬಂದರೆ ಅಲ್ಲೇ ಇಟ್ಟುಬಿಡಿ. ಪರಿಹಾರ ಬಿಡುಗಡೆ ಮಾಡಲು ಮೊದಲು ದುಡ್ಡು ಕಟ್ಟಿ ಅನ್ನುವವರು ಕಳ್ಳರೇ.

ಇನ್ನು ಈಗಷ್ಟೇ ಬಂದಿಳಿದವರಿಗೆ. ನಮ್ಮ ಇಂಡಿಯಾ ಲೈಸೆನ್ಸ್ ಇಲ್ಲಿ 12 ತಿಂಗಳು ನಡೆಯುತ್ತದೆ, ಆ ಅವಸರದಲ್ಲೇ ಅನೇಕರು ಕಾರಿಗೆ ಓಡುತ್ತಾರೆ. ಶೋರೂಮಿಗೆ ಹೋಗುವ ಮೊದಲು ನಿಮ್ಮ ಬ್ಯಾಂಕಿನಲ್ಲಿ ಲೋನಿನ ಎಪಿಆರ್, ಅಂದರೆ ಶುಲ್ಕವೂ ಸೇರಿದ ವರ್ಷದ ಬಡ್ಡಿ ದರ, ಎಷ್ಟು ಅಂತ ಕೇಳಿಕೊಂಡು ಹೋಗಿ. ಶೋರೂಮಿನಲ್ಲಿ ತಿಂಗಳ ಕಂತಿನ ಅಂಕಿ ಕೇಳಿ ತೃಪ್ತಿಪಡಬೇಡಿ. ಕೊನೆಯ ಪೌಂಡಿನವರೆಗೆ ಒಟ್ಟು ಎಷ್ಟು ಕಟ್ಟಬೇಕು, ಶೋರೂಮಿಗೆ ಇದರಲ್ಲಿ ಕಮಿಷನ್ ಎಷ್ಟು ಅಂತ ಬಾಯಿಬಿಟ್ಟು ಕೇಳಿ. ನಾಚಿಕೆ ಬೇಡ. ಉತ್ತರವನ್ನು ಇಮೇಲ್‌ನಲ್ಲಿ ಕಳಿಸಲು ಹೇಳಿ.

ಬೆಂಗಳೂರಿಗೋ ಮೈಸೂರಿಗೋ ವಾಪಸ್ ಹೋದ ನಿಮ್ಮ ಗೆಳೆಯರಿಗೂ ಇದನ್ನು ತಿಳಿಸಿ. ಸಾಲ ಇಲ್ಲಿಯದಾದ್ದರಿಂದ ಅವರೂ ಅಲ್ಲಿಂದಲೇ ದೂರು ಕೊಡಬಹುದು. ಮೊದಲು ಸಾಲದ ಕಂಪನಿಗೆ ಹೊಸ ವಿಳಾಸ, ಇಮೇಲ್ ಕೊಡಲಿ. ಇಲ್ಲದಿದ್ದರೆ ಉತ್ತರ ಅವರ ಹಳೇ ಬಾಡಿಗೆ ಮನೆಗೆ ಬಂದು, ಈಗ ಅಲ್ಲಿರುವವರ ಬಾಗಿಲ ಹಿಂದೆ ಬಿದ್ದಿರುತ್ತದೆ.