ಸೋರುವ ನಳಕ್ಕೆ ಹೊಸ ವಾಷರ್ ಹಾಕುವುದು

ಶಹಾಬಾದ್, ಸೇಡಂ ಕಡೆ ನೆಲವೇ ಸುಣ್ಣದಕಲ್ಲು. ಅಲ್ಲಿನ ಬೋರ್ ನೀರಿನ ಗಡಸುತನದಿಂದ ನಳದೊಳಗೆ ಬಿಳಿ ಹೆಕ್ಕಳೆ ಕಟ್ಟಿ ವಾಷರ್ ಬೇಗ ಹರಿಯುತ್ತದೆ. ಹನಿ ನಿಲ್ಲಲೆಂದು ಜೋರಾಗಿ ತಿರುವಿದರೆ ರಬ್ಬರ್ ಇನ್ನಷ್ಟು ಜಜ್ಜಿಹೋಗುತ್ತದೆ.

ಮೊದಲು ಟ್ಯಾಂಕಿನ ವಾಲ್ವ್ ಮುಚ್ಚಿ, ನಳ ತೆರೆದು ಪೈಪಿನ ನೀರು ಖಾಲಿ ಮಾಡಿ. ಮೋರಿಯ ತೂತಿಗೆ ಬಟ್ಟೆ ತುರುಕಿ, ಸಣ್ಣ ನಟ್ಟು ಒಳಗೆ ಬಿದ್ದರೆ ಸಿಗುವುದಿಲ್ಲ. ನಳ ತೆರೆದೇ ಇರಲಿ. ಹಿಡಿಯ ಕೆಳಗಿನ ದೊಡ್ಡ ನಟ್ಟನ್ನು ಸ್ಪ್ಯಾನರಿನಿಂದ ಎಡಕ್ಕೆ ತಿರುಗಿಸಿ. ಇನ್ನೊಂದು ಕೈಯಲ್ಲಿ ನಳದ ಮೈಯನ್ನು ಬಿಗಿಯಾಗಿ ಹಿಡಿಯದಿದ್ದರೆ ಗೋಡೆಯೊಳಗಿನ ಜಾಯಿಂಟೇ ತಿರುಚಿಕೊಳ್ಳುತ್ತದೆ, ಆಗ ಟೈಲ್ಸ್ ಒಡೆಯುವ ಕೆಲಸ.

ಸ್ಪಿಂಡಲ್ (ಹಿಡಿಯೊಡನೆ ತಿರುಗುವ ಒಳಗಿನ ಕಡ್ಡಿ) ಹೊರಬಂದ ಮೇಲೆ ತುದಿಯ ಹಳೆ ವಾಷರ್ ಬಿಚ್ಚಿ. ಮನೆಯ ನಳ ಬಹುತೇಕ ಅರ್ಧ ಇಂಚಿನದು, ಆದರೂ ಹಳೆಯದನ್ನು ಅಂಗಡಿಗೆ ಒಯ್ದು ಹೋಲಿಸಿ ತರುವುದೇ ಸರಿ.

ಹೊಸದು ಹಾಕುವ ಮುನ್ನ ಬೆರಳು ಒಳಗಿಟ್ಟು ವಾಷರ್ ಕೂರುವ ಸೀಟ್ ಸವರಿ ನೋಡಿ. ಬಹಳ ಜನ ಬಿಡುವುದು ಇದನ್ನೇ. ಹೆಕ್ಕಳೆ ಇದ್ದರೆ ವಿನೆಗರ್ ಅದ್ದಿದ ಬಟ್ಟೆ ಅರ್ಧ ಗಂಟೆ ಇಟ್ಟು ಉಜ್ಜಿ, ತೊಳೆಯಿರಿ. ಲೋಹವೇ ಗುಳಿಬಿದ್ದಿದ್ದರೆ ಹೊಸ ವಾಷರೂ ಬಾಳುವುದಿಲ್ಲ. ಸೀಟ್ ಕಟರಿನಿಂದ ನುಣುಪು ಮಾಡಿಸಬೇಕು, ಅಗ್ಗದ ನಳವಾದರೆ ಬದಲಿಸುವುದೇ ಲೇಸು.

ಎಲ್ಲ ಮರುಜೋಡಿಸಿ ವಾಲ್ವ್ ನಿಧಾನ ತೆರೆಯಿರಿ. ನೀರು ಹಿಡಿಯ ಬುಡದಿಂದ ಜಿನುಗಿದರೆ ತಪ್ಪು ವಾಷರಿನದಲ್ಲ, ಸ್ಪಿಂಡಲ್ ಸುತ್ತ ಹಿಡಿಯ ಬುಡದಲ್ಲಿರುವ ಗ್ಲ್ಯಾಂಡ್ ನಟ್ಟಿನದು: ಅದನ್ನು ಕಾಲು ಸುತ್ತು ಬಿಗಿಮಾಡಿ. ಕಾಲು ಸುತ್ತಿಗೇ ಪೂರಾ ತೆರೆಯುವ ನಳಕ್ಕೆ ಈ ರಿಪೇರಿ ನಡೆಯದು, ಅದರೊಳಗೆ ನೀರು ತಡೆಯುವ ಇಡೀ ಬಿಡಿಭಾಗವನ್ನೇ, ಅಂದರೆ ಕಾರ್ಟ್ರಿಜ್ಜನ್ನೇ, ಬದಲಿಸಬೇಕು.