ಲೆಕ್ಕಕ್ಕೆ ಸಿಗದ ಯುರೇನಿಯಂ: ಹುಡುಕೋದು ಹೇಗೆ?

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಅಪೊಲೊ ಅಂತ ಒಂದು ಪುಟ್ಟ ಊರಿದೆ. ಪಿಟ್ಸ್‌ಬರ್ಗ್‌ನಿಂದ ಐವತ್ತು ಕಿಲೋಮೀಟರ್ ದೂರ ಇರಬಹುದು. ಚಂದ್ರನ ಮೇಲೆ ಇಳಿದ ಅಪೊಲೊಗೂ ಈ ಊರಿಗೂ ಸಂಬಂಧ ಇಲ್ಲ. 1957ರಲ್ಲಿ ಜಲ್ಮನ್ ಶಪಿರೊ ಎಂಬ ರಸಾಯನ ವಿಜ್ಞಾನಿ ಇಲ್ಲಿ ನ್ಯೂಮೆಕ್ ಎಂಬ ಕಂಪನಿ ಶುರು ಮಾಡಿದರು. ಸರ್ಕಾರ ಕೊಟ್ಟ ಯುರೇನಿಯಂ ತಗೊಂಡು, ಅದನ್ನು ರಿಯಾಕ್ಟರ್ ಇಂಧನವಾಗಿ ಮಾಡಿ ವಾಪಸ್ ಕೊಡುವುದು ಕೆಲಸ. ಬರೀ ಯುರೇನಿಯಂ ಅಲ್ಲ, ಬಾಂಬಿಗೂ ಆಗುವಂಥ ಹೆಚ್ಚು ಸಂವರ್ಧಿತ ಯುರೇನಿಯಂ, ಅಂದರೆ ಯು-235 ಎಂಬ ಬಗೆಯ ಪರಮಾಣುಗಳ ಪಾಲನ್ನು ತುಂಬಾ ಹೆಚ್ಚಿಸಿದ ಯುರೇನಿಯಂ.

1965ರಲ್ಲಿ ಸರ್ಕಾರದ ಅಣುಶಕ್ತಿ ಆಯೋಗದವರು ಬಂದು ಲೆಕ್ಕ ಹಾಕಿದರು. ಕಂಪನಿ ಶುರುವಾದಾಗಿನಿಂದ ಒಟ್ಟು 178 ಕಿಲೋ ಕಡಿಮೆ ಬಂತು. ಅದರಲ್ಲಿ 84 ಕಿಲೋ ಕೆಲಸದಲ್ಲಿ ಆದ ನಷ್ಟ ಅಂತ ಒಪ್ಪಿಕೊಂಡರು. ಉಳಿದ ಸುಮಾರು 94 ಕಿಲೋ ಎಲ್ಲಿ ಹೋಯಿತು ಅಂತ ಯಾರಿಗೂ ಹೇಳಲಾಗಲಿಲ್ಲ. ಅದು ಇಸ್ರೇಲಿಗೆ ಹೋಯಿತು ಎಂಬ ಅನುಮಾನ ಹುಟ್ಟಿತು. ಎಫ್‌ಬಿಐ ಬಂತು, ಸಿಐಎ ಬಂತು. ಶಪಿರೊ ಕೊನೇವರೆಗೂ ಇಲ್ಲ ಅಂತಲೇ ಹೇಳಿದರು, ಅವರ ಮೇಲೆ ಯಾವ ಕೇಸೂ ದಾಖಲಾಗಲಿಲ್ಲ, 2016ರಲ್ಲಿ ತೀರಿಕೊಂಡರು.

ಕಳ್ಳತನದ ಕತೆ ಕೇಳೋಕೆ ಮಜಾ ಇರುತ್ತೆ, ಒಪ್ಪುತ್ತೇನೆ. ಆದರೆ ಇವತ್ತು ನಾನು ಹೇಳಹೊರಟಿರುವುದು ಅದಕ್ಕಿಂತ ಹಿಂದಿನ ಪ್ರಶ್ನೆ. ‘94 ಕಿಲೋ ಕಡಿಮೆ’ ಎಂಬ ಆ ಸಂಖ್ಯೆ ಬಂದದ್ದಾದರೂ ಹೇಗೆ? ಇಂಥ ಕಾರ್ಖಾನೆಯಲ್ಲಿ ಲೆಕ್ಕ ಹೇಗೆ ಹಾಕುತ್ತಾರೆ, ಕಡಿಮೆ ಬಂದರೆ ಎಲ್ಲೆಲ್ಲಿ ಹುಡುಕುತ್ತಾರೆ? ಒಂದೊಂದಾಗಿ ನೋಡೋಣ.

ಮೊದಲು ಒಂದು ವ್ಯತ್ಯಾಸ ತಿಳಿದಿರಲಿ. ನಮ್ಮ ಕೈಗಾದಲ್ಲಿರುವಂಥ 220 ಮೆಗಾವಾಟ್ ರಿಯಾಕ್ಟರ್ ಒಳಗೆ 306 ಕೊಳವೆ, ಒಂದೊಂದರಲ್ಲಿ 12 ಇಂಧನದ ಕಂತೆ, ಒಟ್ಟು 3,672. ಪ್ರತಿ ಕಂತೆಗೂ ನಂಬರ್ ಇರುತ್ತೆ. ಅಲ್ಲಿ ಲೆಕ್ಕ ಅಂದರೆ ಎಣಿಸುವುದು, ಒಂದು ಇಲ್ಲ ಅಂದರೆ ಇಲ್ಲ ಅಷ್ಟೇ. ಅಪೊಲೊದಂಥ ಕಾರ್ಖಾನೆಯಲ್ಲಿ ಹಾಗಾಗುವುದಿಲ್ಲ. ಅಲ್ಲಿ ಯುರೇನಿಯಂ ಒಮ್ಮೆ ಅನಿಲ, ಒಮ್ಮೆ ದ್ರಾವಣ, ಒಮ್ಮೆ ಪುಡಿ, ಒಮ್ಮೆ ಗುಳಿಗೆ, ಆಮೇಲೆ ಚೂರು, ಕಸ, ಕೊಳೆ ನೀರು. ಎಣಿಸುವ ಹಾಗಿಲ್ಲ, ಅಳೆಯಬೇಕು. ಅಳೆದ ಕಡೆಯೆಲ್ಲ ಒಂಚೂರು ತಪ್ಪು ನುಸುಳಿಕೊಳ್ಳುತ್ತದೆ.

ಅಕ್ಕಸಾಲಿ ಅಂಗಡಿ ನೆನೆಸಿಕೊಳ್ಳಿ. ಹತ್ತು ಗ್ರಾಂ ಚಿನ್ನ ಕೊಟ್ಟು ಸರ ಮಾಡಿಸಿದರೆ ಹತ್ತು ಗ್ರಾಮಿನ ಸರ ಬರುವುದಿಲ್ಲ. ಉಜ್ಜಿದ ಪುಡಿ ನೆಲಕ್ಕೆ ಬಿದ್ದಿರುತ್ತೆ, ಮೂಸೆಗೆ ಅಂಟಿರುತ್ತೆ, ಕೈಗೆ ಮೆತ್ತಿರುತ್ತೆ. ಅದಕ್ಕೆ ನಾವು ಸವಕಳಿ ಅನ್ನುತ್ತೇವೆ. ಅಂಗಡಿ ಗುಡಿಸಿದ ಧೂಳನ್ನೂ ದುಡ್ಡು ಕೊಟ್ಟು ಕೊಂಡುಹೋಗಿ ತೊಳೆದು ಚಿನ್ನ ತೆಗೆಯುವವರು ಇದ್ದಾರೆ ಅಂದರೆ ಎಷ್ಟು ಉದುರುತ್ತೆ ಅಂತ ನೀವೇ ಲೆಕ್ಕ ಹಾಕಿ. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಅಂತ ಗಾದೆ ಕಟ್ಟಿದವರು ಆ ಧೂಳನ್ನು ಒಮ್ಮೆ ತೊಳೆದು ನೋಡಬೇಕಿತ್ತು. ಯುರೇನಿಯಂ ಕಾರ್ಖಾನೆಯ ಪಾಡೂ ಇದೇ, ಹತ್ತು ಗ್ರಾಂ ಬದಲು ಟನ್‌ಗಟ್ಟಲೆ, ಅಷ್ಟೇ.

ಒಂದು: ಗೆರೆ ಎಳೆಯಿರಿ

ಕಾರ್ಖಾನೆಯ ಸುತ್ತ, ಅಥವಾ ಅದರ ಒಂದೊಂದು ವಿಭಾಗದ ಸುತ್ತ, ಕಾಗದದ ಮೇಲೆ ಒಂದು ಗೆರೆ ಎಳೆಯುತ್ತಾರೆ. ಆ ಗೆರೆ ದಾಟಿ ಒಳಗೆ ಬರುವುದನ್ನೂ ಹೊರಗೆ ಹೋಗುವುದನ್ನೂ ಅಳೆಯಲೇಬೇಕು, ಕಸದ ಡ್ರಮ್ಮೂ ಸೇರಿ. ಗೆರೆ ದೊಡ್ಡದಾದಷ್ಟೂ ಕಷ್ಟ. ಇಡೀ ಕಾರ್ಖಾನೆಗೆ ಒಂದೇ ಗೆರೆ ಇದ್ದರೆ ‘ಎಲ್ಲೋ ಕಡಿಮೆ ಇದೆ’ ಅಂತ ಗೊತ್ತಾಗುತ್ತೆ, ಯಾವ ಕೋಣೆಯಲ್ಲಿ ಅಂತ ಗೊತ್ತಾಗುವುದಿಲ್ಲ.

ಎರಡು: ಬಂದದ್ದನ್ನು ನಂಬಬೇಡಿ, ತೂಗಿ

ಕಳಿಸಿದವರ ಚೀಟಿಯಲ್ಲಿ ಒಂದು ತೂಕ ಇರುತ್ತೆ, ನಿಮ್ಮ ತಕ್ಕಡಿ ಇನ್ನೊಂದು ಹೇಳುತ್ತೆ. ಆ ವ್ಯತ್ಯಾಸವನ್ನು ಅವತ್ತೇ ಬರೆದಿಡಬೇಕು. ಸಂವರ್ಧಿತ ಯುರೇನಿಯಂ ಸಾಮಾನ್ಯವಾಗಿ ಯುರೇನಿಯಂ ಹೆಕ್ಸಾಫ್ಲೋರೈಡ್ ರೂಪದಲ್ಲಿ ಸಿಲಿಂಡರ್‌ನಲ್ಲಿ ಬರುತ್ತದೆ. ಖಾಲಿ ಮಾಡಿದ ಮೇಲೂ ತಳದಲ್ಲಿ ಒಂದಿಷ್ಟು ಉಳಿದಿರುತ್ತೆ, ಎಣ್ಣೆ ಡಬ್ಬಿ ಬಗ್ಗಿಸಿದ ಮೇಲೂ ಗೋಡೆಗೆ ಅಂಟಿಕೊಂಡಿರುವ ಹಾಗೆ. ಹಾಗಾಗಿ ತುಂಬಿದ್ದನ್ನು ತೂಗಿದರೆ ಸಾಲದು, ಖಾಲಿಯಾದದ್ದನ್ನೂ ತೂಗಬೇಕು.

ತೂಕ ಗೊತ್ತಾದರೆ ಯುರೇನಿಯಂ ಎಷ್ಟು ಅಂತ ಗೊತ್ತಾಗಲಿಲ್ಲ ಇನ್ನೂ. ಹೆಕ್ಸಾಫ್ಲೋರೈಡ್‌ನಲ್ಲಿ ಯುರೇನಿಯಂ ಪಾಲು ಸುಮಾರು ಶೇ. 67.6. ಅದನ್ನೇ ಡೈಆಕ್ಸೈಡ್ ಪುಡಿ ಮಾಡಿದರೆ ಶೇ. 88. ಇನ್ನೊಂದು ಬಗೆಯ ಆಕ್ಸೈಡ್ ಆದರೆ ಶೇ. 84.8. ಪುಡಿ ತೇವ ಹೀರಿಕೊಂಡಿದ್ದರೆ ಅದೂ ತೂಕಕ್ಕೆ ಸೇರುತ್ತೆ. ಅದಕ್ಕೇ ಪ್ರತಿ ಬ್ಯಾಚಿನಿಂದ ಸ್ಯಾಂಪಲ್ ತೆಗೆದು ಲ್ಯಾಬಿನಲ್ಲಿ ಎರಡು ಪ್ರಶ್ನೆ ಕೇಳುತ್ತಾರೆ: ಇದರಲ್ಲಿ ಯುರೇನಿಯಂ ಎಷ್ಟು, ಆ ಯುರೇನಿಯಂನಲ್ಲಿ ಯು-235 ಎಷ್ಟು. ಎರಡನೆಯದಕ್ಕೆ ಮಾಸ್ ಸ್ಪೆಕ್ಟ್ರೋಮೀಟರ್ ಬೇಕು, ಅಂದರೆ ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ಯಂತ್ರ. ಒಳ್ಳೆಯ ಪುಡಿಯಾದರೆ ಸ್ಯಾಂಪಲ್ ಸುಲಭ. ಒರೆಸಿದ ಬಟ್ಟೆ, ಗ್ಲೌಸ್, ಸುಟ್ಟ ಬೂದಿ, ಒಡೆದ ಗುಳಿಗೆ ಎಲ್ಲ ಸೇರಿದ ಡ್ರಮ್ಮಿನಿಂದ ಒಂದು ಚಮಚ ತೆಗೆದರೆ ಅದು ಇಡೀ ಡ್ರಮ್ಮಿನ ಕತೆ ಹೇಳುತ್ತದಾ? ಹೇಳುವುದಿಲ್ಲ. ಲೆಕ್ಕ ಕೆಡುವುದು ಹೆಚ್ಚಾಗಿ ಇಲ್ಲೇ.

ಮೂರು: ಕಾರ್ಖಾನೆ ನಿಲ್ಲಿಸಿ

ಯಾವ ಮ್ಯಾನೇಜರಿಗೂ ಇಷ್ಟ ಆಗದ ಹಂತ ಇದು. ಯಂತ್ರ ಓಡುತ್ತಿರುವಾಗ ಒಳಗೆ ಎಷ್ಟಿದೆ ಅಂತ ಸರಿಯಾಗಿ ಹೇಳಲಾಗದು. ಹಾಗಾಗಿ ವರ್ಷಕ್ಕೊಮ್ಮೆಯಾದರೂ ಎಲ್ಲ ನಿಲ್ಲಿಸಿ, ಪೈಪು ತೊಳೆದು, ಟ್ಯಾಂಕು ಬರಿದು ಮಾಡಿ, ಇದ್ದಬದ್ದದ್ದನ್ನೆಲ್ಲ ತೂಗಿ, ಚೀಟಿ ಅಂಟಿಸಿ, ಪಟ್ಟಿ ಮಾಡಬೇಕು. ಕಿರಾಣಿ ಅಂಗಡಿಯವರು ವರ್ಷದ ಕೊನೆಗೆ ಸ್ಟಾಕ್ ತೆಗೆಯುತ್ತಾರಲ್ಲ, ಅದೇ. ನಿಲ್ಲಿಸಿದ ಪ್ರತಿ ದಿನ ದುಡ್ಡು ಹೋಗುತ್ತೆ, ಅದಕ್ಕೇ ‘ಮುಂದಿನ ತಿಂಗಳು ಮಾಡೋಣ’ ಅನ್ನೋ ಆಸೆ ಯಾವಾಗಲೂ ಇರುತ್ತೆ. ಮುಂದೂಡಿದಷ್ಟೂ ಹಳೆಯ ತಪ್ಪಿನ ಮೇಲೆ ಹೊಸ ತಪ್ಪು ಕೂರುತ್ತೆ. ಅಪೊಲೊದಲ್ಲಿ 1965ಕ್ಕೆ ಕೈಗೆ ಬಂದದ್ದು ಎಂಟು ವರ್ಷದ ಗಂಟು. ಅದರಲ್ಲಿ ಯಾವ ಕಿಲೋ ಯಾವ ವರ್ಷದ್ದು ಅಂತ ಬಿಡಿಸುವುದು ಯಾರಿಂದ ಸಾಧ್ಯ?

ನಾಲ್ಕು: ಕಳೆಯುವ ಲೆಕ್ಕ

ಇದು ಮೂರನೇ ಕ್ಲಾಸಿನ ಗಣಿತ. ಶುರುವಿನಲ್ಲಿ ಇದ್ದದ್ದಕ್ಕೆ ಬಂದದ್ದನ್ನು ಕೂಡಿಸಿ, ಹೋದದ್ದನ್ನು ಕಳೆಯಿರಿ. ಪುಸ್ತಕದ ಪ್ರಕಾರ ಇರಬೇಕಾದದ್ದು ಇಷ್ಟು ಅಂತ ಸಿಗುತ್ತೆ. ಅದರಿಂದ ನಿಜಕ್ಕೂ ತೂಗಿ ಸಿಕ್ಕಿದ್ದನ್ನು ಕಳೆಯಿರಿ. ಉಳಿಯುವ ಸಂಖ್ಯೆಗೆ ಈ ಕೆಲಸದವರು ‘ಮಫ್’ ಅನ್ನುತ್ತಾರೆ, ಲೆಕ್ಕಕ್ಕೆ ಸಿಗದ ವಸ್ತು ಅಂತ ಅರ್ಥ. ಆ ಹೆಸರು ಕೇಳಿ ಜನ ಗಾಬರಿಯಾಗುತ್ತಾರೆ ಅಂತಲೋ ಏನೋ, ಅಮೆರಿಕದಲ್ಲಿ ಅದನ್ನು ಆಮೇಲೆ ‘ದಾಸ್ತಾನು ವ್ಯತ್ಯಾಸ’ ಅಂತ ಬದಲಾಯಿಸಿಕೊಂಡರು.

ಉದಾಹರಣೆಗೆ ಅಂತ ಸುಮ್ನೆ ಒಂದು ಲೆಕ್ಕ. ಶುರುವಿನಲ್ಲಿ 120 ಕಿಲೋ, ಬಂದದ್ದು 1,000, ಇಂಧನವಾಗಿ ಹೋದದ್ದು 985, ಅಳೆದು ಹೊರಹಾಕಿದ ಕಸದಲ್ಲಿ 5. ಪುಸ್ತಕದ ಪ್ರಕಾರ 130 ಇರಬೇಕು. ತೂಗಿದರೆ 127.6. ಮಫ್ 2.4 ಕಿಲೋ.

ಇದು ಕೆಲವೊಮ್ಮೆ ಮೈನಸ್ ಕೂಡ ಬರುತ್ತೆ, ಅಂದರೆ ಇರಬೇಕಾದ್ದಕ್ಕಿಂತ ಜಾಸ್ತಿ ಸಿಗುತ್ತೆ. ಖುಷಿಪಡಬೇಡಿ. ಹೋದ ವರ್ಷ ಪೈಪಿನಲ್ಲಿ ಕೂತಿದ್ದದ್ದು ಈ ವರ್ಷ ಕಳಚಿಕೊಂಡು ಬಂದಿರಬಹುದು, ಇಲ್ಲಾ ನಿಮ್ಮ ತಕ್ಕಡಿಯೇ ಸರಿ ಇಲ್ಲದಿರಬಹುದು.

ಐದು: 2.4 ಕಿಲೋ ಜಾಸ್ತಿಯೋ ಕಡಿಮೆಯೋ?

ನನಗೆ ಇಡೀ ವಿಷಯದಲ್ಲಿ ತಲೆ ಕೆಡಿಸಿದ ಭಾಗ ಇದು. ಪ್ರತಿ ತಕ್ಕಡಿಗೆ, ಪ್ರತಿ ಲ್ಯಾಬ್ ಪರೀಕ್ಷೆಗೆ ಒಂದು ತಪ್ಪಿನ ಅಂದಾಜು ಇರುತ್ತೆ. ಅವನ್ನೆಲ್ಲ ಸೇರಿಸಿ ಮಫ್‌ನಲ್ಲಿ ಸಹಜವಾಗಿ ಎಷ್ಟು ಏರುಪೇರು ಬರಬಹುದು ಅಂತ ಲೆಕ್ಕ ಹಾಕುತ್ತಾರೆ. ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆ, ಅಂದರೆ ಐಎಇಎ, ಯುರೇನಿಯಂ ಇಂಧನ ಮಾಡುವ ಕಾರ್ಖಾನೆಗೆ ಇಟ್ಟುಕೊಂಡಿರುವ ಮಟ್ಟ ಶೇ. 0.3. ನಮ್ಮ ಉದಾಹರಣೆಯ 1,000 ಕಿಲೋಗೆ ಅದು 3 ಕಿಲೋ. ಹಾಗಾದರೆ 2.4 ಕಿಲೋ ದೊಡ್ಡ ವಿಷಯ ಅಲ್ಲ, ಅಳತೆಯ ಮಂಜಿನೊಳಗೇ ಇದೆ.

ಈಗ ಕಾರ್ಖಾನೆ ಹತ್ತು ಪಟ್ಟು ದೊಡ್ಡದು ಅಂದುಕೊಳ್ಳಿ. ಮಂಜು 30 ಕಿಲೋ ಆಯಿತು. ಸುಳ್ಳು ಗಾಬರಿ ನೂರಕ್ಕೆ ಐದನ್ನು ಮೀರಬಾರದು, ನಿಜವಾದ ನಷ್ಟ ನೂರಕ್ಕೆ ತೊಂಬತ್ತೈದು ಸಲ ಸಿಕ್ಕಿಬೀಳಬೇಕು ಅಂತ ಪಟ್ಟು ಹಿಡಿದರೆ, ಆ ಮಂಜಿನ ಸುಮಾರು 3.3 ಪಟ್ಟು ಹೋಗಿರಬೇಕು. ಅಂದರೆ ಸುಮಾರು 99 ಕಿಲೋ. ಇನ್ನೊಂದು ಕಡೆ ಅದೇ ಐಎಇಎ, ಹೆಚ್ಚು ಸಂವರ್ಧಿತ ಯುರೇನಿಯಂನಲ್ಲಿರುವ 25 ಕಿಲೋ ಯು-235 ಒಂದು ಬಾಂಬಿಗೆ ಆಗಬಹುದಾದ ಪ್ರಮಾಣ ಅಂತ ಇಟ್ಟುಕೊಂಡಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬರೀ ತಕ್ಕಡಿ ನೆಚ್ಚಿಕೊಂಡರೆ ಸಾಲದು ಅಂತ ಆಗ ಗೊತ್ತಾಗುತ್ತೆ. ಅದಕ್ಕೇ ಮೊಹರು, ಕ್ಯಾಮೆರಾ, ಬಾಗಿಲಲ್ಲಿ ವಿಕಿರಣ ಹಿಡಿಯುವ ಯಂತ್ರ, ಇಬ್ಬರಿಲ್ಲದೆ ತೆರೆಯದ ಕೋಣೆ, ಇವೆಲ್ಲ ಇರುವುದು.

ಆರು: ಈಗ ಹುಡುಕಿ

ಮಫ್ ಮಿತಿ ಮೀರಿತು. ಪೊಲೀಸರಿಗೆ ಫೋನ್ ಮಾಡುವ ಮೊದಲು (ಮಾಡಲೇಬೇಕಾಗಬಹುದು, ಅದು ಬೇರೆ) ಪುಸ್ತಕ ನೋಡುತ್ತಾರೆ. ಅಂಕಿ ಅದಲುಬದಲಾಗಿದೆಯಾ, ಒಂದೇ ಡಬ್ಬ ಎರಡು ಸಲ ಬರೆದಿದ್ದಾರಾ, ತಕ್ಕಡಿಯ ತಪಾಸಣೆ ಯಾವಾಗ ಆಗಿತ್ತು. ಆಮೇಲೆ ಕೈಗೆ ಮಾಪಕ ಹಿಡಿದು ಕಾರ್ಖಾನೆ ಸುತ್ತುತ್ತಾರೆ. ಯು-235 ತನ್ನದೇ ಗುರುತಿನ ಗಾಮಾ ಕಿರಣ ಸೂಸುತ್ತಿರುತ್ತದೆ, ಹಾಗಾಗಿ ಪೈಪು ಬಿಚ್ಚದೆಯೇ ಒಳಗೆ ಎಷ್ಟು ಕೂತಿದೆ ಅಂತ ಅಂದಾಜು ಮಾಡಬಹುದು. ಪೈಪಿನ ತಿರುವು, ಫಿಲ್ಟರ್, ಗಾಳಿ ಕೊಳವೆ, ಒಲೆಯ ಇಟ್ಟಿಗೆ, ನೆಲದ ಬಿರುಕು: ಧೂಳು ಕೂರುವ ಜಾಗವೆಲ್ಲ ಅನುಮಾನದ ಜಾಗ.

ಎಷ್ಟು ಕೂರಬಹುದು ಅಂತೀರಾ? ಕೊಲರಾಡೊದ ರಾಕಿ ಫ್ಲಾಟ್ಸ್ ಬಾಂಬ್ ಕಾರ್ಖಾನೆಯ ಗಾಳಿ ಕೊಳವೆಗಳಲ್ಲಿ ಸುಮಾರು 28 ಕಿಲೋ ಪ್ಲುಟೋನಿಯಂ ಕೂತಿತ್ತು. ಇಂಗ್ಲೆಂಡಿನ ಸೆಲಾಫೀಲ್ಡ್‌ನಲ್ಲಿ ಪೈಪೊಂದು ಬಿರುಕುಬಿಟ್ಟು ತಿಂಗಳುಗಟ್ಟಲೆ ಸೋರಿ, 2005ರಲ್ಲಿ ಕ್ಯಾಮೆರಾ ಇಳಿಸಿ ನೋಡಿದಾಗ ಸುಮಾರು 83,000 ಲೀಟರ್ ಆಮ್ಲ, ಅದರಲ್ಲಿ ಕರಗಿದ ಸುಮಾರು 20 ಟನ್ ಯುರೇನಿಯಂ, ಕಾಂಕ್ರೀಟ್ ಕೋಣೆಯ ಉಕ್ಕಿನ ತಳದಲ್ಲಿ ನಿಂತಿತ್ತು. ಕಳ್ಳ ಯಾರೂ ಇರಲಿಲ್ಲ, ಲೆಕ್ಕ ಕಡಿಮೆ ಬಂದದ್ದೇ ಸೋರಿಕೆಯ ಸುಳಿವು ಕೊಟ್ಟಿತ್ತು.

ಅಪೊಲೊದಲ್ಲೂ ಹುಡುಕಿದರು. ಕಳೆದದ್ದು ಹೂತಿಟ್ಟ ಕಸದಲ್ಲಿರಬೇಕು ಅಂತ ಕಂಪನಿ ಹೇಳಿತು. ಗುಂಡಿ ಅಗೆದರು. ಸಿಕ್ಕಿತು, ಆದರೆ ಸಾಲುವಷ್ಟು ಸಿಗಲಿಲ್ಲ. ಯುರೇನಿಯಂ ಸರ್ಕಾರದ್ದಾದ್ದರಿಂದ ಕಂಪನಿ ದುಡ್ಡು ಕಟ್ಟಿತು. 1978ರಲ್ಲಿ ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧಕರು ಇಡೀ ಪ್ರಕರಣದ ವರದಿ ಬರೆದರು. ಸಿಐಎ, ಎಫ್‌ಬಿಐ ತಮಗೆ ಸರಿಯಾಗಿ ಮಾಹಿತಿ ಕೊಡಲಿಲ್ಲ ಎಂಬ ದೂರು ಅದರಲ್ಲಿತ್ತು. ಕದ್ದರು ಅಂತಲೂ ಇಲ್ಲ, ಕದ್ದಿಲ್ಲ ಅಂತಲೂ ಇಲ್ಲ.

ನನಗೆ ಇದರಲ್ಲಿ ಅತಿ ಮುಖ್ಯ ಅನಿಸುವುದು ಆಮೇಲೆ ನಡೆದದ್ದು, ಪತ್ತೇದಾರಿ ಕತೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುವ ತುಂಡು. 1971ರಲ್ಲಿ ಕಾರ್ಖಾನೆ ಬ್ಯಾಬ್‌ಕಾಕ್ ಅಂಡ್ ವಿಲ್‌ಕಾಕ್ಸ್ ಕಂಪನಿಯ ಕೈಗೆ ಹೋಯಿತು. ಶಪಿರೊ ಆಗ ಅಲ್ಲಿ ಇರಲೇ ಇಲ್ಲ. ಆದರೂ 1974ರಿಂದ 1976ರ ನಡುವೆ ಮತ್ತೆ ಸುಮಾರು 90 ಕಿಲೋ ಕಡಿಮೆ ಬಂತು! ಈ ಸಲ ತನಿಖೆ ಮಾಡಿದವರು ತಾಳ್ಮೆಯಿಂದ ಒಂದೊಂದೇ ಜಾಗ ನೋಡಿದರು. ಕೆಲಸಗಾರರ ಬಟ್ಟೆ, ಹೊಗೆ ತೊಳೆಯುವ ಯಂತ್ರ, ನೆಲದೊಳಗೆ ಇಳಿದದ್ದು, ಉಪಕರಣಗಳಿಗೆ ಅಂಟಿದ್ದು. ಹೀಗೆ 50 ಕಿಲೋಗಿಂತ ಹೆಚ್ಚಿಗೆ ಲೆಕ್ಕ ಸಿಕ್ಕಿತು. ಅಲ್ಲಿವರೆಗೆ ಯಾವ ಪುಸ್ತಕದಲ್ಲೂ ಈ ನಷ್ಟದ ದಾರಿಗಳನ್ನು ಬರೆದಿರಲಿಲ್ಲ. ಇದರಿಂದ 1965ರ 94 ಕಿಲೋ ಎಲ್ಲ ನೆಲಕ್ಕೇ ಇಳಿಯಿತು ಅಂತ ಸಾಬೀತಾಗುವುದಿಲ್ಲ. ಆದರೆ ಆ ಕಟ್ಟಡ ಯುರೇನಿಯಂ ಕುಡಿಯುತ್ತಿತ್ತು ಅಂತೂ ನಿಜ ಅಲ್ವಾ?

ಏಳು: ಸರಿ ಬಂದ ಲೆಕ್ಕವನ್ನೂ ನೋಡಿ

ಕಡಿಮೆ ಬಂದರೆ ಕಳ್ಳತನ ಅಲ್ಲದಿರಬಹುದು ಅಂತ ಇಷ್ಟು ಹೊತ್ತು ಹೇಳಿದೆ. ಇದರ ಉಲ್ಟಾ ಕೂಡ ಇದೆ. 1992ರಲ್ಲಿ ಮಾಸ್ಕೋ ಹತ್ತಿರದ ಪೊಡೊಲ್ಸ್ಕ್ ಎಂಬ ಊರಿನ ಅಣು ಸಂಸ್ಥೆಯಲ್ಲಿ ಒಬ್ಬ ಉದ್ಯೋಗಿ, ಹತ್ತಿರ ಹತ್ತಿರ ಒಂದೂವರೆ ಕಿಲೋ, ಶೇ. 90ರಷ್ಟು ಯು-235 ಇರುವ ಯುರೇನಿಯಂ ಮನೆಗೆ ಸಾಗಿಸಿದ. ಒಂದೇ ಸಲ ಅಲ್ಲ, ತಿಂಗಳುಗಟ್ಟಲೆ, ಚೂರುಚೂರಾಗಿ. ಅಲ್ಲಿನ ನಿಯಮದಲ್ಲಿ ಇಷ್ಟು ಪರ್ಸೆಂಟ್ ಸವಕಳಿ ಸಹಜ ಅಂತ ಮೊದಲೇ ಬಿಟ್ಟುಕೊಟ್ಟಿದ್ದರು, ನಿಜವಾದ ಸವಕಳಿ ಅದಕ್ಕಿಂತ ಕಡಿಮೆ ಇತ್ತು. ನಡುವಿನದ್ದು ಅವನದಾಯಿತು. ಪುಸ್ತಕದಲ್ಲಿ ಎಲ್ಲ ಸರಿ ಇತ್ತು, ಕಾರ್ಖಾನೆಯಲ್ಲಿ ಒಂದು ಗ್ರಾಂ ಕೂಡ ಕಾಣೆಯಾಗಿರಲಿಲ್ಲ!

ಅದಕ್ಕೇ ಇವತ್ತಿನ ಪದ್ಧತಿಯಲ್ಲಿ ಸವಕಳಿಯನ್ನು ಅಂದಾಜಿಗೆ ಬಿಡುವುದಿಲ್ಲ, ಅದನ್ನೂ ಅಳೆಯಬೇಕು. ಒಂದು ಅವಧಿಯ ಮಫ್ ಮಿತಿಯೊಳಗೆ ಇದ್ದರೂ ಹಲವು ಅವಧಿಯದ್ದನ್ನು ಒಟ್ಟು ಕೂಡಿಸಿ ನೋಡುತ್ತಾರೆ. ನಿಜವಾದ ಅಳತೆ ತಪ್ಪಾದರೆ ಒಮ್ಮೆ ಮೇಲೆ ಒಮ್ಮೆ ಕೆಳಗೆ ಹೋಗಿ ಸೊನ್ನೆಯ ಸುತ್ತಲೇ ಆಡುತ್ತಿರುತ್ತದೆ. ಪ್ರತಿ ಸಲವೂ ಒಂದೇ ಕಡೆ ವಾಲಿದರೆ ತಕ್ಕಡಿ ಕೆಟ್ಟಿದೆ, ಇಲ್ಲಾ ಪೈಪು ಹಿಡಿದುಕೊಳ್ಳುತ್ತಿದೆ, ಇಲ್ಲಾ ಯಾರೋ ಕೈ ಹಾಕಿದ್ದಾರೆ.

ಪೊಡೊಲ್ಸ್ಕ್‌ನ ಆ ಮನುಷ್ಯನನ್ನು ಹಿಡಿದದ್ದು ಯಾವ ಲೆಕ್ಕಿಗನೂ ಅಲ್ಲ. ತನ್ನ ಮಾಲು ಮಾರಲು ಮಾಸ್ಕೋಗೆ ಹೊರಟವನಿಗೆ ರೈಲ್ವೆ ಸ್ಟೇಷನ್‌ನಲ್ಲಿ ಅಕ್ಕಪಕ್ಕದ ಮನೆಯವರು ಸಿಕ್ಕಿದರು. ಅವರು ತಮ್ಮ ಕಾರ್ಖಾನೆಯಿಂದ ಬ್ಯಾಟರಿ ಕದ್ದಿದ್ದರು. ಪೊಲೀಸರು ಬ್ಯಾಟರಿ ಕಳ್ಳರನ್ನು ಹಿಡಿಯಲು ಬಂದವರು ಜೊತೆಗಿದ್ದ ಇವನನ್ನೂ ಎಳೆದುಕೊಂಡು ಹೋಗಿ ಚೀಲ ಬಿಚ್ಚಿದರು. ಒಳಗೆ ಸೀಸದ ಡಬ್ಬಗಳಿದ್ದವು.