ಲಯನ್ಸ್‌ಗೆ ಏನು ಬೇಕು? ಗೋಡೆಗಂಟಿಸಿದ ಎರಡು ಹಾಳೆ

2023ರ ಏಪ್ರಿಲ್‌ನಲ್ಲಿ ನಮ್ಮನೆ ಬೇಸ್‌ಮೆಂಟ್ ಗೋಡೆಯ ಮೇಲೆ ಎರಡು ಹಾಳೆ ಇದ್ದವು. ಒಂದು ನನ್ನದು, ಇನ್ನೊಂದು ಭಾವನದು. ತಲೆಬರಹ ಎರಡಕ್ಕೂ ಒಂದೇ: ಡೆಟ್ರಾಯಿಟ್ ಲಯನ್ಸ್‌ಗೆ ಏನು ಬೇಕು? ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ನಮ್ಮ ತಂಡ ಅದು; ಆ ತಿಂಗಳ ಕೊನೆಗೆ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್ ಇತ್ತು. ಭಾವನ ಹಾಳೆಯ ಮೊದಲ ಸಾಲು ಕಾರ್ನರ್‌ಬ್ಯಾಕ್ (ಎದುರಾಳಿ ಎಸೆಯುವ ಪಾಸ್ ತಡೆಯುವವನು), ಎರಡನೆಯ ಸಾಲೂ ಕಾರ್ನರ್‌ಬ್ಯಾಕ್. ನನ್ನದರಲ್ಲಿ ಡಿಫೆನ್ಸಿವ್ ಟ್ಯಾಕಲ್, ಮುಂದಿನ ಸಾಲಿನ ನಡುವೆ ನಿಂತು ತಡೆಯುವವನು. ಹಿಂದಿನ ಸೀಸನ್‌ನಲ್ಲಿ ಇಡೀ ಲೀಗ್‌ನಲ್ಲೇ ಎದುರಾಳಿಗಳಿಗೆ ಅತಿ ಹೆಚ್ಚು ಯಾರ್ಡ್, ಅಂದರೆ ಮುನ್ನುಗ್ಗುವ ದೂರ, ಬಿಟ್ಟುಕೊಟ್ಟ ಡಿಫೆನ್ಸ್ ನಮ್ಮದು. ಹಾಗಾಗಿ ಯಾರು ಏನು ಬರೆದರೂ ಅದಕ್ಕೊಂದು ಪುರಾವೆ ಸಿಗುತ್ತಿತ್ತು.

ಐಪಿಎಲ್ ಹರಾಜು ನೋಡಿ ಬೆಳೆದವರಿಗೆ ಒಂದು ಮಾತು. ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ ಬೆಲೆ ಕೂಗುವುದಿಲ್ಲ. ಹಿಂದಿನ ವರ್ಷ ಸೋತು ಸುಣ್ಣವಾದ ತಂಡಕ್ಕೆ ಮೊದಲ ಸರದಿ, ಕಾಲೇಜು ಹುಡುಗರನ್ನು ಒಬ್ಬೊಬ್ಬರಾಗಿ ಆರಿಸಿಕೊಳ್ಳುತ್ತ ಏಳು ಸುತ್ತು. ಆದರೆ ಸರದಿಯನ್ನೇ (ಅದಕ್ಕೆ ಪಿಕ್ ಅನ್ನುತ್ತಾರೆ) ಅದಲುಬದಲು ಮಾಡಿಕೊಳ್ಳಬಹುದು. ನಮ್ಮ ಕೈಯಲ್ಲಿದ್ದದ್ದು 6 ಮತ್ತು 18. ಆ ಆರನೆಯದು ಅಸಲಿಗೆ ಲಾಸ್ ಏಂಜಲೀಸ್ ರಾಮ್ಸ್‌ನದು. 2021ರಲ್ಲಿ ನಮ್ಮ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆಯುವವನು) ಮ್ಯಾಥ್ಯೂ ಸ್ಟ್ಯಾಫರ್ಡ್‌ನನ್ನು ಅವರಿಗೆ ಕೊಟ್ಟಾಗ ಬಂದ ಪಿಕ್‌ಗಳಲ್ಲಿ ಅದೂ ಒಂದು. ರಾಮ್ಸ್ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದ ಮರುವರ್ಷವೇ ಮಕಾಡೆ ಮಲಗಿತು. ಪ್ರತಿ ಭಾನುವಾರ ನಾವು ಅವರ ಸೋಲಿಗೂ ಚಪ್ಪಾಳೆ ತಟ್ಟಿದ್ದೇವೆ, ನಾಚಿಕೆಯಿಲ್ಲದೆ.

ಪಟ್ಟಿ ಮಾಡಿದ್ದು ಹೀಗೆ. ಮೊದಲು ಪ್ರತಿ ಸ್ಥಾನಕ್ಕೂ ಒಂದು ಸಾಲು: ಯಾರಿದ್ದಾರೆ, ಕಾಂಟ್ರ್ಯಾಕ್ಟ್ ಎಷ್ಟು ವರ್ಷ, ಗಾಯ ಇದೆಯಾ. ಮಾರ್ಚ್‌ನಲ್ಲಿ ಕ್ಯಾಮರನ್ ಸಟನ್, ಎಮ್ಯಾನುಯೆಲ್ ಮೋಸ್ಲಿ ಬಂದಾಗ ಕಾರ್ನರ್‌ಬ್ಯಾಕ್ ಸಾಲು ತುಂಬಿತು. ಏಪ್ರಿಲ್ 11ಕ್ಕೆ ಕಾರ್ನರ್‌ಬ್ಯಾಕ್ ಜೆಫ್ ಒಕೂಡನನ್ನು ಅಟ್ಲಾಂಟಾಗೆ ಕಳಿಸಿದರು. 2020ರಲ್ಲಿ ಮೂರನೆಯ ಪಿಕ್ ಸುರಿದು ತಂದವನನ್ನು ಐದನೇ ಸುತ್ತಿನ ಒಂದು ಪಿಕ್‌ಗೆ ಬಿಟ್ಟುಕೊಟ್ಟಿದ್ದರು! ಭಾವ ಪೆನ್ ತಗೊಂಡು ತಮ್ಮ ಮೊದಲ ಸಾಲಿನ ಕೆಳಗೆ ಇನ್ನೊಂದು ಗೆರೆ ಎಳೆದರು.

ಆಮೇಲೆ ಆಟ ನೋಡುವುದು. ಯೂಟ್ಯೂಬ್ ಹೈಲೈಟ್ಸ್ ನಂಬಬೇಡಿ, ಅಲ್ಲಿ ಎಲ್ಲರೂ ಹುಲಿಗಳೇ. ನಾನು ಹಿಡಿದದ್ದು ಬೇರೆ ದಾರಿ. ನಮ್ಮದೇ ಕೆಟ್ಟ ಪಂದ್ಯಗಳನ್ನು ಹಾಕಿಕೊಂಡು, ಚೆಂಡಿನ ಮೇಲಿಂದ ಕಣ್ಣು ಕಿತ್ತು ಒಬ್ಬನೇ ಆಟಗಾರನನ್ನು ಹಿಂಬಾಲಿಸುವುದು. 2022ರ ಡಿಸೆಂಬರ್ 24, ಕ್ಯಾರೊಲೈನಾದಲ್ಲಿ ಪ್ಯಾಂಥರ್ಸ್ ನಮ್ಮ ಮೇಲೆ ಬರೀ ಓಡಿಯೇ 320 ಯಾರ್ಡ್ ಗಳಿಸಿದ್ದರು. ಅದನ್ನು ನಾಲ್ಕು ಸಲ ನೋಡಿದೆ. ರಿಮೋಟ್‌ನ ರಿವೈಂಡ್ ಗುಂಡಿ ಸವೆಯಿತು. ನೋಡಿದ್ದನ್ನು ಹಾಳೆಯ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಗೀಚಿದೆ: “ಹಿಂದಿನ ಸಾಲು ಲೇಟು. ಗ್ಯಾಪ್ ಕಂಡರೂ ಒಂದು ಹೆಜ್ಜೆ ತಪ್ಪು.” ಇಷ್ಟು ಬರೆದುಕೊಂಡೂ ಮೇಲೆ ದಪ್ಪಕ್ಷರದಲ್ಲಿ ಬರೆದದ್ದು ಡಿಫೆನ್ಸಿವ್ ಟ್ಯಾಕಲ್, ಜಾರ್ಜಿಯಾದ ಜೇಲನ್ ಕಾರ್ಟರ್. ಹಿಂದಿನ ಸಾಲು ಅಂದರೆ ಲೈನ್‌ಬ್ಯಾಕರ್‌ಗಳು, ಟ್ಯಾಕಲ್‌ಗಳ ಬೆನ್ನಿಗೆ ನಿಲ್ಲುವವರು. ಲೈನ್‌ಬ್ಯಾಕರ್‌ಗೆ ಮೊದಲ ಸುತ್ತಿನ ಪಿಕ್ ದಂಡ ಮಾಡಬಾರದು ಅಂತ ಎಲ್ಲರೂ ಹೇಳುತ್ತಿದ್ದರು, ನಾನೂ ಹೇಳುತ್ತಿದ್ದೆ.

“ಭಾವ, ಕಾರ್ನರ್‌ಬ್ಯಾಕ್ ಎಷ್ಟು ಜನ ಇದ್ದರೂ ಮುಂದೆ ತಡೆಯೋರಿಲ್ಲದಿದ್ದರೆ ಏನು ಪ್ರಯೋಜನ ಹೇಳಿ.”

“ನಿನ್ನ ಕಾರ್ಟರ್‌ನ ನೀನೇ ಇಟ್ಕೊ. ಅರ್ಧ ಲೀಗ್ ಪಾಸ್ ಮಾಡ್ತಿದೆ, ನಮ್ಮೋರು ನೋಡ್ತಾ ನಿಂತಿರ್ತಾರೆ.”

ಏಪ್ರಿಲ್ 27ರ ರಾತ್ರಿ ಮಂಡಕ್ಕಿ ಒಗ್ಗರಣೆ ಮಾಡಿಕೊಂಡು ಟಿವಿ ಮುಂದೆ ಕೂತೆವು. ಐದನೆಯ ಸರದಿಯಲ್ಲಿ ಸಿಯಾಟಲ್ ಕಾರ್ನರ್‌ಬ್ಯಾಕ್ ಡೆವನ್ ವಿದರ್‌ಸ್ಪೂನ್‌ನನ್ನು ಎತ್ತಿಕೊಂಡಿತು. ಭಾವ ತಟ್ಟೆ ಕೆಳಗಿಟ್ಟರು. ನಮ್ಮ ಸರದಿ ಬರುವಷ್ಟರಲ್ಲಿ ಟ್ರೇಡ್ ಸುದ್ದಿ: 6 ಮತ್ತು 81 ಅರಿಜೋನಾಗೆ, 12, 34, 168 ನಮಗೆ. ಪಿಕ್‌ಗಳಿಗೆ ಅಂಕ ಕಟ್ಟುವ ಒಂದು ಹಳೆಯ ಕೋಷ್ಟಕವಿದೆ, 90ರ ದಶಕದಲ್ಲಿ ಡಲ್ಲಾಸ್ ಕೌಬಾಯ್ಸ್‌ನವರು ಮಾಡಿದ್ದು. ಕೂಡಿ ನೋಡಿದೆ: ಕೊಟ್ಟದ್ದು 1600 ಮತ್ತು 185, ಬಂದದ್ದು 1200, 560, ಮೇಲೊಂದಿಷ್ಟು ಚಿಲ್ಲರೆ. ತಕ್ಕಡಿ ಸರಿ ಇತ್ತು, ಆದರೆ ಕಾರ್ಟರ್ ಒಂಬತ್ತನೆಯವನಾಗಿ ಫಿಲಡೆಲ್ಫಿಯಾ ಪಾಲಾದ.

ಹನ್ನೆರಡಕ್ಕೆ ಬಂದದ್ದು ಅಲಬಾಮಾದ ಜಮೀರ್ ಗಿಬ್ಸ್, ರನ್ನಿಂಗ್ ಬ್ಯಾಕ್, ಚೆಂಡು ಹಿಡಿದು ಓಡುವವನು. ಇಬ್ಬರ ಪಟ್ಟಿಯಲ್ಲೂ ಆ ಸ್ಥಾನವೇ ಇರಲಿಲ್ಲ. ಮಾರ್ಚ್‌ನಲ್ಲಷ್ಟೇ ಅದೇ ಸ್ಥಾನಕ್ಕೆ ಡೇವಿಡ್ ಮಾಂಟ್‌ಗಮರಿಯನ್ನು ತಂದಿದ್ದರಲ್ಲ. 16, 17ರಲ್ಲಿ ಒಬ್ಬರ ಹಿಂದೊಬ್ಬರು ಇಬ್ಬರು ಕಾರ್ನರ್‌ಬ್ಯಾಕ್‌ಗಳು ಕಣ್ಣೆದುರೇ ಬೇರೆ ತಂಡಗಳಿಗೆ ಹೋದರು. ಹದಿನೆಂಟಕ್ಕೆ ಐಯೊವಾದ ಜ್ಯಾಕ್ ಕ್ಯಾಂಬೆಲ್. ಲೈನ್‌ಬ್ಯಾಕರ್. ಭಾವ ಮಾತಿಲ್ಲದೆ ಮೆಟ್ಟಿಲು ಹತ್ತಿ ಅಡುಗೆಮನೆಗೆ ಹೋದರು. ಪಕ್ಕದ ಮನೆಯ ಅಜ್ಜನಿಂದ ಮೆಸೇಜ್ ಬಂತು, ಇಲ್ಲಿಯ ಹಳೆಯ ಗೊಣಗು: ಅದೇ ಹಳೇ ಲಯನ್ಸ್. ನಾನೂ ಬೈದೆ. ಮರುದಿನ ಟೈಟ್ ಎಂಡ್ (ಪಾಸ್ ಹಿಡಿಯುವುದೂ, ಎದುರಾಳಿಯನ್ನು ತಡೆಯುವುದೂ ಅವನ ಕೆಲಸ) ಸ್ಯಾಮ್ ಲಪೋರ್ಟ, ಡಿಫೆನ್ಸ್‌ಗೆ ಬ್ರಯನ್ ಬ್ರ್ಯಾಂಚ್ ಬಂದಾಗಲೂ ಕೋಪ ಇಳಿದಿರಲಿಲ್ಲ.

ಮುಂದಿನದು ಗೊತ್ತಿರುವ ಕಥೆ. ಮೊದಲ ಪಂದ್ಯದಲ್ಲೇ ಬ್ರ್ಯಾಂಚ್ ಎದುರಾಳಿ ಕ್ವಾರ್ಟರ್‌ಬ್ಯಾಕ್ ಮಹೋಮ್ಸ್‌ನ ಪಾಸ್ ಹಿಡಿದು, ಕೊನೆಯ ಗೆರೆ ದಾಟಿ ಟಚ್‌ಡೌನ್‌ಗೆ ಓಡಿದ, ಕ್ಯಾನ್ಸಸ್ ಸಿಟಿಯಲ್ಲಿ 21-20ರಿಂದ ಗೆದ್ದೆವು. ಲಪೋರ್ಟ 86 ಕ್ಯಾಚ್ ಹಿಡಿದು ಮೊದಲ ವರ್ಷದ ಟೈಟ್ ಎಂಡ್‌ಗಳ ದಾಖಲೆ ಮುರಿದ. ಗಿಬ್ಸ್ ಓಡಿಯೇ 10 ಟಚ್‌ಡೌನ್ ಮಾಡಿದ. ಓಟ ತಡೆಯುವುದರಲ್ಲಿ ತಂಡ ಲೀಗ್‌ಗೇ ಎರಡನೆಯದಾಯಿತು. ಆ ಡಿಸೆಂಬರ್‌ನಲ್ಲಿ ಹಾಳೆ ತೆಗೆದು ನೋಡಿದೆ. ಅಂಚಿನಲ್ಲಿ ಪೆನ್ಸಿಲ್ ಅಕ್ಷರ ಹಾಗೇ ಇತ್ತು. ಕಣ್ಣಿಗೆ ಕಂಡದ್ದು ಲೈನ್‌ಬ್ಯಾಕರ್‌ಗಳ ತಪ್ಪು, ಪೆನ್ನಿನಿಂದ ಬರೆದದ್ದು ಊರವರ ಮಾತು.

ಹಾಗಂತ ಭಾವ ಸೋತರು ಅನ್ನುವ ಹಾಗಿಲ್ಲ. ಅಕ್ಟೋಬರ್‌ನಲ್ಲಿ ಮೋಸ್ಲಿ ಮಂಡಿ ಗಾಯದಿಂದ ಹೊರಬಿದ್ದ. ಪಾಸ್ ತಡೆಯುವುದರಲ್ಲಿ ನಾವು ವರ್ಷವಿಡೀ ಹಿಂದೆಯೇ. ಸೂಪರ್ ಬೌಲ್‌ಗೆ ಹಿಂದಿನ ಮೆಟ್ಟಿಲಾದ ಎನ್‌ಎಫ್‌ಸಿ ಫೈನಲ್‌ನಲ್ಲಿ ಅರ್ಧ ಆಟಕ್ಕೆ 24-7 ಮುಂದಿದ್ದೆವು. ಸ್ಯಾನ್ ಫ್ರಾನ್ಸಿಸ್ಕೊದ ಉದ್ದನೆಯ ಪಾಸೊಂದು ನಮ್ಮ ಕಾರ್ನರ್‌ಬ್ಯಾಕ್‌ನ ಹೆಲ್ಮೆಟ್‌ಗೆ ಬಡಿದು, ಪುಟಿದು, ಅವರ ರಿಸೀವರ್ ಕೈಗೇ ಬಿತ್ತು: 51 ಯಾರ್ಡ್. 34-31ಕ್ಕೆ ಸೋತೆವು. ಭಾವ ಟಿವಿ ನೋಡಲಿಲ್ಲ, ನನ್ನನ್ನು ನೋಡಿದರು.

2024ರ ಡ್ರಾಫ್ಟ್ ಡೆಟ್ರಾಯಿಟ್‌ನಲ್ಲೇ ನಡೆಯಿತು. ಮೊದಲ ದಿನವೇ 2,75,000ಕ್ಕೂ ಮೀರಿ ಜನ, ನಾವೂ ಆ ನೂಕುನುಗ್ಗಲಿನಲ್ಲಿ. ಲಯನ್ಸ್ 29ರಿಂದ 24ಕ್ಕೆ ಏರಿ ಟೆರಿಯನ್ ಆರ್ನಲ್ಡ್ ಹೆಸರು ಹೇಳಿತು. ಕಾರ್ನರ್‌ಬ್ಯಾಕ್! ಮರುದಿನ ಎರಡನೇ ಸುತ್ತಿನಲ್ಲಿ ಇನ್ನೊಬ್ಬ ಕಾರ್ನರ್‌ಬ್ಯಾಕ್. ಹಳೆಯ ಹಾಳೆಯನ್ನು ಭಾವ ಎಸೆದಿರಲಿಲ್ಲ. ಎರಡು ಸಾಲಿಗೂ ಟಿಕ್ ಹಾಕಿ, ಮೇಲಿದ್ದ 2023ನ್ನು ಹೊಡೆದು 2024 ಅಂತ ತಿದ್ದಿ ನನಗೆ ಫೋಟೊ ಕಳಿಸಿದರು.